ಗ್ಯಾಸ್ ಚೆನ್ನಾಗಿದೆ, ಆದ್ರೂ ಆಕ್ಸಿಜನೇಟರ್ ಬದಲಾಯಿಸ್ಬೇಕಾ?

ಪ್ರಶ್ನೆ: ನಾನು ಐಸಿಯು ಸ್ಟಾಫ್ ನರ್ಸ್, ಎಕ್ಮೋ (ರಕ್ತನ ಮೈಯಿಂದ ಹೊರಗೆ ತಂದು, ಆಕ್ಸಿಜನೇಟರ್ ಅನ್ನೋ ಕೃತಕ ಶ್ವಾಸಕೋಶದಲ್ಲಿ ಹಾಯಿಸಿ, ಪಂಪ್‌ನಿಂದ ವಾಪಸ್ ಕಳಿಸೋ ಮೆಷಿನ್) ಪೇಷೆಂಟ್‌ಗಳನ್ನ ನೋಡ್ಕೊಳ್ಳೋಕೆ ಶುರು ಮಾಡಿ ಇನ್ನೂ ಒಂದು ವರ್ಷ ಆಗಿಲ್ಲ. ಈಗ ನನ್ನ ಬೆಡ್‌ನಲ್ಲಿ ಜೋರು ನ್ಯುಮೋನಿಯಾ ಆಗಿ ವಿವಿ ಎಕ್ಮೋ (ರಕ್ತನ ಅಭಿಧಮನಿಯಿಂದ ತೆಗೆದು ಅಭಿಧಮನಿಗೇ ಕೊಡೋದು) ಮೇಲಿರೋ ಪೇಷೆಂಟ್ ಇದ್ದಾರೆ, ಇವತ್ತಿಗೆ 11ನೇ ದಿನ. ರಕ್ತದ ಫ್ಲೋ ನಿಮಿಷಕ್ಕೆ 4.2 ಲೀಟರ್. ಮೊದಲ ವಾರ ಪೂರ್ತಿ ಡೆಲ್ಟಾ ಪಿ (ಆಕ್ಸಿಜನೇಟರ್‌ನ ಎರಡೂ ಬದಿಯ ಪ್ರೆಶರ್ ವ್ಯತ್ಯಾಸ) 20ರ ಹತ್ರ ಇತ್ತು, ಈಗ ಅದೇ ಫ್ಲೋನಲ್ಲಿ 34. ಆಕ್ಸಿಜನೇಟರ್ ಮೂಲೆಯಲ್ಲಿ ಕಪ್ಪು ಚುಕ್ಕೆಗಳು ಕಾಣ್ತಿವೆ. ಆದ್ರೆ ಪೋಸ್ಟ್ ಮೆಂಬ್ರೇನ್ ಪಿಓಟೂ (ಆಕ್ಸಿಜನೇಟರ್ ದಾಟಿ ಬಂದ ರಕ್ತದ ಆಕ್ಸಿಜನ್ ಒತ್ತಡ) 380 ಬರ್ತಿದೆ. ಇನ್ನೊಂದ್ಕಡೆ ಡಿ-ಡೈಮರ್ (ಕ್ಲಾಟ್ ಕರಗಿದಾಗ ರಕ್ತದಲ್ಲಿ ಕಾಣೋ ಚೂರು) ಮೂರು ದಿನದಲ್ಲಿ ಮೂರು ಪಟ್ಟು ಆಗಿದೆ, ಫೈಬ್ರಿನೋಜನ್ (ಕ್ಲಾಟ್ ಕಟ್ಟೋಕೆ ಬೇಕಾದ ಪ್ರೋಟೀನ್) 420ರಿಂದ 190ಕ್ಕೆ ಇಳಿದಿದೆ, ಪ್ಲೇಟ್‌ಲೆಟ್ 1.4 ಲಕ್ಷ ಇದ್ದಿದ್ದು 78 ಸಾವಿರ ಆಗಿದೆ, ಕ್ಯಾನುಲಾ (ರಕ್ತನಾಳಕ್ಕೆ ಹಾಕಿರೋ ದಪ್ಪ ಕೊಳವೆ) ಸುತ್ತ ರಕ್ತ ಜಿನುಗ್ತಾನೇ ಇದೆ. ಡಾಕ್ಟರ್ ಒಬ್ಬರು ಗ್ಯಾಸ್ ಚೆನ್ನಾಗಿದೆ ಕಾಯೋಣ ಅಂತಾರೆ, ಪರ್ಫ್ಯೂಷನಿಸ್ಟ್ (ಎಕ್ಮೋ ಮೆಷಿನ್ ನಡೆಸೋ ತಂತ್ರಜ್ಞ) ಇವತ್ತೇ ಬದಲಾಯಿಸೋಣ ಅಂತಾರೆ, ನಮ್ಮ ಸೀನಿಯರ್ ಸಿಸ್ಟರ್ ಹೇಳೋದು ಇದಕ್ಕೆ 14 ದಿನ ಗ್ಯಾರಂಟಿ ಇದೆ ಯಾಕೆ ಅವಸರ ಅಂತ. ನಿಜ ಹೇಳ್ಬೇಕಂದ್ರೆ ಬದಲಾಯಿಸೋ ಆ ಒಂದೆರಡು ನಿಮಿಷ ಪಂಪ್ ನಿಲ್ಲಿಸ್ತಾರಲ್ಲ, ಅದೇ ನನಗೆ ಭಯ. ಯಾರು ಹೇಳ್ತಿರೋದು ಸರಿ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ನಂಬರ್‌ಗಳನ್ನ ಎಷ್ಟು ಚೆನ್ನಾಗಿ ಜೋಡಿಸಿ ಕೊಟ್ಟಿದ್ದೀರಂದ್ರೆ ಅರ್ಧ ಉತ್ತರ ನೀವೇ ಬರೆದಂಗಿದೆ. ಪೇಷೆಂಟ್‌ನ ಕಣ್ಣಾರೆ ನೋಡದೆ ನಾನು ಇಲ್ಲಿಂದ ತೀರ್ಪು ಕೊಡೋಕಾಗಲ್ಲ, ಅದು ನಿಮ್ಮ ಟೀಮ್ ಕೂತು ಮಾಡ್ಬೇಕಾದ ಕೆಲಸ. ಆದ್ರೂ ಈ ಚಿತ್ರ ನನ್ನ ಮುಂದೆ ಬಂದ್ರೆ ನನ್ನ ಓಟು ನಿಮ್ಮ ಪರ್ಫ್ಯೂಷನಿಸ್ಟ್ ಕಡೆಗೇ, ಒಂದೆರಡು ವಿಷಯ ಮೊದಲು ಪಕ್ಕಾ ಮಾಡ್ಕೊಂಡು. ಯಾಕೆ ಅಂತ ಹೇಳ್ತೀನಿ.

"ಗ್ಯಾಸ್ ಚೆನ್ನಾಗಿದೆ ಅಂದ್ರೆ ಆಕ್ಸಿಜನೇಟರ್ ಚೆನ್ನಾಗಿದೆ" ಅನ್ನೋದು ಬಹಳ ಜನ, ಅನುಭವ ಇರೋ ಡಾಕ್ಟರ್‌ಗಳೂ ಸೇರಿ, ನಂಬಿಕೊಂಡಿರೋ ಮಾತು. ಆಕ್ಸಿಜನೇಟರ್ ಮೂರು ಥರ ಕೈ ಕೊಡತ್ತೆ. ಆಕ್ಸಿಜನ್ ಕೊಟ್ಟು ಸಿಓಟೂ ತೆಗೆಯೋ ಕೆಲಸ ನಿಲ್ಲಬಹುದು. ಅದು ಸರಿ ಇದ್ರೂ ಒಳಗೆ ಕ್ಲಾಟ್ ಕಟ್ಟಿ ರಕ್ತ ಹಾಯೋದಕ್ಕೇ ಅಡ್ಡಿ ಆಗಬಹುದು. ಇವೆರಡೂ ಪರವಾಗಿಲ್ಲ ಅನ್ನೋವಾಗಲೇ ಆ ಕ್ಲಾಟ್ ಪೇಷೆಂಟ್‌ನ ಪ್ಲೇಟ್‌ಲೆಟ್, ಫೈಬ್ರಿನೋಜನ್ ಎಲ್ಲಾ ತಿಂದು ಹಾಕ್ತಾ, ಕಡೆಗೆ ಪೇಷೆಂಟ್‌ಗೆ ಬ್ಲೀಡಿಂಗ್ ಶುರು ಮಾಡಿಸಬಹುದು. ನಿಮ್ಮ ಪೇಷೆಂಟ್‌ದು ನನಗೆ ಕಾಣೋ ಮಟ್ಟಿಗೆ ಮೂರನೇ ಜಾತಿ, ಎರಡನೇದು ಈಗಷ್ಟೇ ಶುರು ಆಗ್ತಿದೆ. ಮೊದಲನೇದನ್ನ ಮಾತ್ರ ನೋಡ್ತಾ ಕೂತ್ರೆ ಇನ್ನೂ ಎರಡು ದಿನ ಎಲ್ಲಾ ಚೆನ್ನಾಗೇ ಕಾಣತ್ತೆ, ಅಷ್ಟರಲ್ಲಿ ಆ ಕಡೆ ನೀವು ಬಾಟಲಿಗಟ್ಟಲೆ ರಕ್ತ ಏರಿಸ್ತಾ ಇರ್ತೀರ.

ಇದು ಯಾಕೆ ಹೀಗಾಗತ್ತೆ ಅಂತ ತಿಳ್ಕೊಬೇಕಂದ್ರೆ ಒಳಗೆ ಏನಿದೆ ಅಂತ ನೋಡ್ಬೇಕು. ಈಗಿನ ಆಕ್ಸಿಜನೇಟರ್‌ನಲ್ಲಿ ಪಾಲಿಮಿಥೈಲ್‌ಪೆಂಟೀನ್ ಅನ್ನೋ ಪ್ಲಾಸ್ಟಿಕ್‌ನ ಟೊಳ್ಳು ನೂಲುಗಳು ಸಾವಿರಾರು ಇರ್ತವೆ, ಒಂದೊಂದೂ ಅರ್ಧ ಮಿಲಿಮೀಟರ್‌ಗಿಂತ ಸಣ್ಣ, ಚಾಪೆ ಥರ ಹೆಣೆದು ಪದರ ಪದರವಾಗಿ ಇಟ್ಟಿರ್ತಾರೆ. ನೂಲಿನ ಒಳಗೆ ಗ್ಯಾಸ್ ಹೋಗತ್ತೆ, ಹೊರಗೆ ಸಂದಿಯಲ್ಲಿ ರಕ್ತ. ದೊಡ್ಡವರಿಗೆ ಹಾಕೋ ಆಕ್ಸಿಜನೇಟರ್‌ನಲ್ಲಿ ಒಟ್ಟು ಮೇಲ್ಮೈ ಸುಮಾರು 1.8 ಚದರ ಮೀಟರ್. ಇಷ್ಟು ದೊಡ್ಡ ಪ್ಲಾಸ್ಟಿಕ್ ಮೈಗೆ ದಿನವಿಡೀ ರಕ್ತ ತಾಗ್ತಾ ಇದ್ರೆ, ಕೋಟಿಂಗ್ ಎಷ್ಟೇ ಇರಲಿ ಹೆಪಾರಿನ್ (ರಕ್ತ ಹೆಪ್ಪುಗಟ್ಟದ ಹಾಗೆ ಕೊಡೋ ಔಷಧಿ) ಎಷ್ಟೇ ಓಡಲಿ, ಮೊದಲು ಪ್ರೋಟೀನ್ ಅಂಟತ್ತೆ, ಆಮೇಲೆ ಪ್ಲೇಟ್‌ಲೆಟ್, ಆಮೇಲೆ ಫೈಬ್ರಿನ್. ಆದ್ರೆ ಒಳ್ಳೇ ಆಕ್ಸಿಜನೇಟರ್‌ಗೆ ಕೆಲಸಕ್ಕೆ ಬೇಕಾಗಿದ್ದಕ್ಕಿಂತ ಜಾಸ್ತಿ ಜಾಗ ಇರತ್ತೆ. ಕಾಲು ಭಾಗ ಕಟ್ಟಿಕೊಂಡ್ರೂ ಉಳಿದ ಭಾಗ ರಕ್ತಕ್ಕೆ ಆಕ್ಸಿಜನ್ ತುಂಬಿಸಿ ಕಳಿಸತ್ತೆ, ಅದಕ್ಕೇ ನಿಮ್ಮ ಪಿಓಟೂ 380 ಅಂತ ನಗ್ತಾ ಕೂತಿರೋದು. ಆ ಕಟ್ಟಿಕೊಂಡ ಭಾಗ ಮಾತ್ರ ಸುಮ್ನೆ ಇರಲ್ಲ, ಅಲ್ಲಿ ಕ್ಲಾಟ್ ಆಗೋದು ಕರಗೋದು ನಡೀತಾನೇ ಇರತ್ತೆ, ಆ ಕರಗಿದ ಚೂರುಗಳೇ ಡಿ-ಡೈಮರ್ ಆಗಿ ರಿಪೋರ್ಟ್‌ನಲ್ಲಿ ಏರೋದು.

14 ದಿನದ ಗ್ಯಾರಂಟಿ ವಿಷಯ ಇಲ್ಲೇ ಮುಗಿಸ್ಬಿಡ್ತೀನಿ. ಲೇಬಲ್ ಮೇಲಿರೋ ದಿನ ಅಂದ್ರೆ ಕಂಪನಿಯವರು ಅಷ್ಟು ದಿನದ ಬಳಕೆಗೆ ಪರೀಕ್ಷೆ ಮಾಡಿ ಅನುಮತಿ ತಗೊಂಡಿದ್ದಾರೆ ಅಂತ, ಅಷ್ಟು ದಿನ ಕ್ಲಾಟ್ ಆಗಲ್ಲ ಅಂತ ಬರ್ಕೊಟ್ಟಿಲ್ಲ. 3ನೇ ದಿನಕ್ಕೆ ಕಟ್ಟಿಕೊಳ್ಳೋದೂ ಇದೆ, ತಿಂಗಳು ದಾಟಿ ಚೆನ್ನಾಗಿ ಓಡೋದೂ ಇದೆ. ಹಾಗಂತ ಉಲ್ಟಾ ತಪ್ಪೂ ಮಾಡ್ಬಾರದು, 14 ಆಯ್ತು ಅಂತ ಚೆನ್ನಾಗಿ ಓಡ್ತಿರೋದನ್ನ ಕಿತ್ತು ಹಾಕೋದು. ಬರೀ ಕ್ಯಾಲೆಂಡರ್ ನೋಡಿ ಬದಲಾಯಿಸಿದ್ರೆ ಬದಲಾಯಿಸೋದ್ರ ರಿಸ್ಕ್ ಪೇಷೆಂಟ್‌ಗೆ, ಲಾಭ ಯಾರಿಗೂ ಇಲ್ಲ. ಲೇಬಲ್ ದಿನ ದಾಟಿಸಿ ಓಡಿಸ್ತಿದ್ರೆ ಯಾಕೆ ಅಂತ ಕೇಸ್ ಶೀಟ್‌ನಲ್ಲಿ ಬರೆದಿಡಿ, ಅಷ್ಟೇ.

ಈಗ ಪ್ರೆಶರ್. ಡೆಲ್ಟಾ ಪಿ ಅಂದ್ರೆ ಆಕ್ಸಿಜನೇಟರ್‌ಗೆ ಮುಂಚಿನ ಪ್ರೆಶರ್‌ನಲ್ಲಿ ಆಮೇಲಿನ ಪ್ರೆಶರ್ ಕಳೆದ್ರೆ ಉಳಿಯೋದು. ಇದಕ್ಕೆ 50 ದಾಟಿದ್ರೆ ಕೆಟ್ಟದ್ದು ಅಂತ ಒಂದು ಗೆರೆ ಎಳೆದು ಕೂರೋ ಅಭ್ಯಾಸ ಇದೆ, ನನಗೆ ಆ ಗೆರೆ ಮೇಲೆ ಅಷ್ಟು ನಂಬಿಕೆ ಇಲ್ಲ. ಫ್ಲೋ ಜಾಸ್ತಿ ಮಾಡಿದ್ರೆ ಡೆಲ್ಟಾ ಪಿ ತಾನಾಗೇ ಏರತ್ತೆ, ಕಡಿಮೆ ಮಾಡಿದ್ರೆ ಇಳಿಯತ್ತೆ. ರಾತ್ರಿ ಶಿಫ್ಟ್‌ನಲ್ಲಿ ಯಾರೋ ಫ್ಲೋ 4.2ರಿಂದ 3ಕ್ಕೆ ಇಳಿಸಿ, ಬೆಳಗ್ಗೆ "ಡೆಲ್ಟಾ ಪಿ ಇಂಪ್ರೂವ್ ಆಗಿದೆ" ಅಂತ ಹ್ಯಾಂಡೋವರ್ ಕೊಟ್ಟಿರೋದನ್ನ ನಾನು ಕಂಡಿದ್ದೀನಿ. ಅದಕ್ಕೆ ಡೆಲ್ಟಾ ಪಿನ ಫ್ಲೋದಿಂದ ಭಾಗಿಸಿ ಬರ್ಕೊಳ್ಳಿ. ನಿಮ್ಮ ಲೆಕ್ಕದಲ್ಲಿ ಮೊದಲು 20 ಭಾಗಿಸು 4.2, ಅಂದ್ರೆ ಲೀಟರ್‌ಗೆ 4.8. ಈಗ 34 ಭಾಗಿಸು 4.2, ಅಂದ್ರೆ 8.1. ಮಾನಿಟರ್ ಮೇಲೆ 34 ಅಂತ ನೋಡಿದ್ರೆ ಯಾರಿಗೂ ಗಾಬರಿ ಆಗಲ್ಲ, ಆದ್ರೆ ಅಡ್ಡಿ ಹೆಚ್ಚುಕಮ್ಮಿ ಮುಕ್ಕಾಲು ಪಟ್ಟು ಏರಿದೆ ಅಂದ್ರೆ ರೌಂಡ್ಸ್‌ನಲ್ಲಿ ಎಲ್ರೂ ತಲೆ ಎತ್ತಿ ನೋಡ್ತಾರೆ. ಎಷ್ಟು ಬೇಗ ಏರ್ತಿದೆ ಅನ್ನೋದೂ ಮುಖ್ಯ. ವಾರದಲ್ಲಿ ನಿಧಾನಕ್ಕೆ 5ರಿಂದ 8 ಆದ್ರೆ ಯೋಚನೆ ಮಾಡೋಕೆ ಟೈಮ್ ಇದೆ. ಆರು ಗಂಟೆಯಲ್ಲಿ 8ರಿಂದ 14 ಆದ್ರೆ ಇಲ್ಲ, ಆಗ ಪ್ರೈಮ್ ಮಾಡಿದ (ದ್ರವ ತುಂಬಿ ಗಾಳಿ ತೆಗೆದ) ಹೊಸ ಸರ್ಕ್ಯೂಟ್, ಅಂದ್ರೆ ಪಂಪ್, ಆಕ್ಸಿಜನೇಟರ್, ಪೈಪ್ ಸೇರಿದ ಸೆಟ್, ಬೆಡ್ ಪಕ್ಕ ಬಂದು ನಿಂತಿರಬೇಕು.

ಯಾವ ಪ್ರೆಶರ್ ಏರಿದೆ ಅನ್ನೋದನ್ನೂ ಬಿಡಿಸಿ ನೋಡಿ. ಮುಂಚಿನ ಪ್ರೆಶರ್ ಮಾತ್ರ ಏರಿ, ಆಮೇಲಿಂದು ಅಲ್ಲೇ ಇದ್ರೆ ಅಥವಾ ಇಳಿದ್ರೆ, ತೊಂದರೆ ಆಕ್ಸಿಜನೇಟರ್ ಒಳಗೆ. ಎರಡೂ ಒಟ್ಟಿಗೆ ಏರಿದ್ರೆ ಅಡ್ಡಿ ಅದರ ಮುಂದೆ ಇದೆ, ರಿಟರ್ನ್ ಪೈಪ್ ಮಡಚಿದೆಯಾ, ಪೇಷೆಂಟ್ ಕೆಮ್ಮಿದ್ರಾ, ಕಾಲು ಮಡಿಸಿದ್ರಾ, ಕ್ಯಾನುಲಾದಲ್ಲಿ ಏನಾದ್ರೂ ಇದೆಯಾ ನೋಡ್ಬೇಕು. ಎರಡೂ ಇಳಿದು ಫ್ಲೋನೂ ಬಿದ್ದು ಡ್ರೈನೇಜ್ ಪೈಪ್ ನಡುಗ್ತಿದ್ರೆ ಪಂಪ್‌ಗೆ ರಕ್ತ ಸಾಕಾಗ್ತಿಲ್ಲ ಅಂತ, ಅದಕ್ಕೂ ಆಕ್ಸಿಜನೇಟರ್‌ಗೂ ಸಂಬಂಧ ಇಲ್ಲ. ಮತ್ತೆ ಟ್ರಾನ್ಸ್‌ಡ್ಯೂಸರ್‌ (ಪ್ರೆಶರ್ ಅಳೆಯೋ ಸೆನ್ಸರ್) ಎರಡನ್ನೂ ಶಿಫ್ಟ್‌ಗೊಮ್ಮೆ ಝೀರೋ ಮಾಡಿ. ಒಂದು ಮೇಲೆ ಒಂದು ಕೆಳಗೆ ನೇತಾಡ್ತಿದ್ರೆ ಬರೋ ವ್ಯತ್ಯಾಸ ನೋಡಿ ಒಂದು ಆಕ್ಸಿಜನೇಟರ್ ಕಿತ್ತು ಹಾಕೋದು ಬೇಡ.

ಕಪ್ಪು ಚುಕ್ಕೆ ವಿಷಯಕ್ಕೆ ಬರೋಣ, ಇದನ್ನ ನೋಡಿ ಹೊಸಬರು ಹೆದರೋದು ಜಾಸ್ತಿ. ರೂಮ್ ಲೈಟ್ ಕಮ್ಮಿ ಮಾಡಿ ಒಳ್ಳೇ ಟಾರ್ಚ್ ಹಿಡಿದು ಓರೆಯಾಗಿ ನೋಡಿ. ರಕ್ತ ಒಳಗೆ ಬರೋ ಕಡೆ, ಮೂಲೆಗಳಲ್ಲಿ, ರಕ್ತ ನಿಧಾನಕ್ಕೆ ಹರಿಯೋ ಜಾಗದಲ್ಲಿ ಕಪ್ಪು ಕಲೆ ಕಾಣತ್ತೆ, ಟಾರ್ಚ್ ಅಲ್ಲಾಡಿಸಿದ್ರೂ ಅದು ಅಲ್ಲೇ ಇರತ್ತೆ. ಒಂದು ವಾರ ದಾಟಿದ ಆಕ್ಸಿಜನೇಟರ್‌ನಲ್ಲಿ ಇದು ಇಲ್ಲ ಅಂದ್ರೇನೇ ಆಶ್ಚರ್ಯ. ಈ ಕಡೆ ಚುಕ್ಕೆ ಇದ್ರೆ ಅದು ಮುಂದೆ ನೂಲಿನ ಚಾಪೆಗಳನ್ನ ದಾಟಿಯೇ ಹೋಗ್ಬೇಕು, ಅಲ್ಲೇ ಸಿಕ್ಕಿಕೊಳ್ಳತ್ತೆ. ರಕ್ತ ಹೊರಗೆ ಹೋಗೋ ಕಡೆ ಬಿಳಿ ಎಳೆ ಅಥವಾ ಗಡ್ಡೆ ಕಂಡ್ರೆ ಮಾತ್ರ ನಾನು ಸೀರಿಯಸ್ ಆಗ್ತೀನಿ, ಯಾಕಂದ್ರೆ ಅಲ್ಲಿಂದ ಕಿತ್ತು ಬಂದದ್ದು ನೇರ ಪೇಷೆಂಟ್‌ಗೇ, ನಡುವೆ ತಡೆಯೋಕೆ ಏನೂ ಇಲ್ಲ. ವಿಎ ಎಕ್ಮೋ (ಅಭಿಧಮನಿಯಿಂದ ತೆಗೆದು ಅಪಧಮನಿಗೆ ಕೊಡೋದು) ಆದ್ರಂತೂ ಅದು ಅಪಧಮನಿಗೆ ಹೋಗತ್ತೆ, ಮೆದುಳಿಗೂ ಹೋಗಬಹುದು. ದಿನಾ ಒಂದೇ ಹೊತ್ತಿಗೆ ನೋಡಿ, ಕಲೆ ಸುತ್ತ ಹೊರಗಿನ ಪ್ಲಾಸ್ಟಿಕ್ ಮೇಲೆ ಮಾರ್ಕರ್‌ನಲ್ಲಿ ಗೆರೆ ಎಳೆದು ತಾರೀಖು ಹಾಕಿ, ಇಲ್ಲಾ ಚಾರ್ಟ್‌ನಲ್ಲಿ ಚಿತ್ರ ಬಿಡಿಸಿ. "ಸ್ವಲ್ಪ ಕ್ಲಾಟ್ ಇದೆ" ಅಂತ ಬರೆದ್ರೆ ನಾಳೆ ಬರೋರಿಗೆ ಏನೂ ಅರ್ಥ ಆಗಲ್ಲ. ಪಂಪ್ ಹೆಡ್‌ನೂ ಮರೀಬೇಡಿ, ಬಗ್ಗಿ ನೋಡಿ, ಸದ್ದು ಬದಲಾಗಿದೆಯಾ ಕಿವಿ ಕೊಡಿ. ಅಲ್ಲಿ ಕ್ಲಾಟ್ ಆದ್ರೆ ಡಿ-ಡೈಮರ್ ಏರೋದ್ರ ಜೊತೆ ರಕ್ತಕಣ ಒಡೆದು ಪ್ಲಾಸ್ಮಾ ಫ್ರೀ ಹೀಮೋಗ್ಲೋಬಿನ್ 50 ದಾಟತ್ತೆ, ಯೂರಿನ್ ಕೋಕ್ ಬಣ್ಣಕ್ಕೆ ತಿರುಗತ್ತೆ. ಆಗ ಬರೀ ಆಕ್ಸಿಜನೇಟರ್ ಬದಲಾಯಿಸಿದ್ರೆ ಅಪರಾಧಿನ ಒಳಗೇ ಬಿಟ್ಟಂಗೆ.

ಗ್ಯಾಸ್ ಬಗ್ಗೆ ಎರಡು ಮಾತು. ಪೋಸ್ಟ್ ಮೆಂಬ್ರೇನ್ ಸ್ಯಾಂಪಲ್ ತೆಗೆಯೋವಾಗ ಬ್ಲೆಂಡರ್ (ಗ್ಯಾಸ್‌ನಲ್ಲಿ ಆಕ್ಸಿಜನ್ ಎಷ್ಟು ಅಂತ ಹೊಂದಿಸೋದು) 100 ಪರ್ಸೆಂಟ್‌ನಲ್ಲಿ ಇರ್ಬೇಕು, 60ರಲ್ಲಿ ತೆಗೆದು ಪಿಓಟೂ ಕಮ್ಮಿ ಬಂತು ಅಂತ ಗಾಬರಿ ಆಗೋದಲ್ಲ. 100ರಲ್ಲೂ 200ರ ಕೆಳಗೆ ಬಂದ್ರೆ ಗಂಭೀರ. ಪಿಓಟೂ ಒಂದನ್ನೇ ನೋಡದೆ ಆಕ್ಸಿಜನೇಟರ್ ನಿಮಿಷಕ್ಕೆ ಎಷ್ಟು ಆಕ್ಸಿಜನ್ ಸೇರಿಸ್ತಿದೆ ಅಂತ ಲೆಕ್ಕ ಹಾಕೋದು ಇನ್ನೂ ಒಳ್ಳೇದು, ಅಂಥಾ ಕಷ್ಟ ಏನಿಲ್ಲ. ಹೀಮೋಗ್ಲೋಬಿನ್ 9, ಒಳಗೆ ಬರೋ ರಕ್ತದ ಸ್ಯಾಚುರೇಷನ್ 68, ಹೊರಗೆ ಹೋಗೋದು 100 ಅಂತ ಇಟ್ಕೊಳ್ಳಿ. ಹೀಮೋಗ್ಲೋಬಿನ್‌ನ 1.34ರಿಂದ, ಆಮೇಲೆ ಸ್ಯಾಚುರೇಷನ್‌ನಿಂದ ಗುಣಿಸಿ, ಪಿಓಟೂನ 0.003ರಿಂದ ಗುಣಿಸಿ ಕೂಡಿ. ಒಳಗೆ ಬರೋದ್ರಲ್ಲಿ ಡೆಸಿಲೀಟರ್‌ಗೆ 8.3 ಎಂಎಲ್, ಹೊರಗೆ ಹೋಗೋದ್ರಲ್ಲಿ 13.2. ವ್ಯತ್ಯಾಸ 4.9, ಅದನ್ನ 10ರಿಂದ ಮತ್ತೆ ಫ್ಲೋ 4.2ರಿಂದ ಗುಣಿಸಿದ್ರೆ ನಿಮಿಷಕ್ಕೆ ಸುಮಾರು 205 ಎಂಎಲ್. ಒಂದು ದೊಡ್ಡವರ ಮೈ ಸುಮ್ನೆ ಮಲಗಿದ್ದಾಗ ಬಳಸೋ ಆಕ್ಸಿಜನ್ ಹತ್ರಹತ್ರ ಇಷ್ಟೇ. ಇದು 150ರ ಕೆಳಗೆ ಬಂದು, ಪೇಷೆಂಟ್‌ಗೆ ಇನ್ನೂ ಬೇಕು ಅನ್ನೋ ಪರಿಸ್ಥಿತಿ ಇದ್ರೆ ಆಕ್ಸಿಜನೇಟರ್ ಸೋತಿದೆ ಅಂತ ಲೆಕ್ಕ. ಆದ್ರೆ ಹುಷಾರು, ಒಳಗೆ ಬರೋ ರಕ್ತವೇ 88 ಪರ್ಸೆಂಟ್ ಇದ್ರೆ ಸೇರಿಸೋಕೆ ಜಾಗನೇ ಇರಲ್ಲ, ಆಗ ಕಮ್ಮಿ ಬರೋದು ಆಕ್ಸಿಜನೇಟರ್ ತಪ್ಪಲ್ಲ. ವಿವಿಯಲ್ಲಿ ಒಳಗೆ ಬರೋದು 88, ಪೇಷೆಂಟ್ ಬೆರಳಲ್ಲಿ 82 ಅಂದ್ರೆ ಅದು ರೀಸರ್ಕ್ಯುಲೇಷನ್, ಒಂದು ಕ್ಯಾನುಲಾ ಬಿಟ್ಟ ಕೆಂಪು ರಕ್ತನ ಇನ್ನೊಂದು ಕ್ಯಾನುಲಾ ಎಳ್ಕೊಳ್ತಿದೆ. ಕ್ಯಾನುಲಾ ಜಾಗ ಸರಿ ಮಾಡೋ ಬದಲು ಹೊಸ ಆಕ್ಸಿಜನೇಟರ್ ಹಾಕಿದ್ರೆ ದುಡ್ಡೂ ಹೋಯ್ತು, ಸ್ಯಾಚುರೇಷನ್ನೂ ಏರಲಿಲ್ಲ.

ಸಡನ್ನಾಗಿ ಎರಡೂ ಪೈಪ್ ಒಂದೇ ಥರ ಕಪ್ಪಗೆ ಕಂಡ್ರೆ ದಯವಿಟ್ಟು ಮೊದಲು ಗ್ಯಾಸ್ ಪೈಪ್ ನೋಡಿ. ಕಿತ್ತು ಬಂದಿದೆಯಾ, ಟ್ರಾನ್ಸ್‌ಪೋರ್ಟ್ ಆದ್ಮೇಲೆ ಸಿಲಿಂಡರ್ ಖಾಲಿ ಆಗಿದೆಯಾ, ಬ್ಲೆಂಡರ್ ಯಾರಾದ್ರೂ ಮುಟ್ಟಿದ್ರಾ. ಹತ್ತಕ್ಕೆ ಒಂಬತ್ತು ಸಲ ಅಂತ ಲೆಕ್ಕ ಕೊಡಲ್ಲ ನಾನು, ಆದ್ರೆ ನೋಡೋಕೆ ಎರಡು ಸೆಕೆಂಡ್ ಸಾಕು, ನೋಡ್ದೆ ಸರ್ಕ್ಯೂಟ್ ಬದಲಾಯಿಸೋಕೆ ಓಡಿದ್ರೆ ಬಹಳ ಮುಜುಗರ. ಸಿಓಟೂ ಮಾತ್ರ ಏರ್ತಿದ್ದು, ಸ್ವೀಪ್ (ಆಕ್ಸಿಜನೇಟರ್‌ಗೆ ಹೋಗೋ ಗ್ಯಾಸ್‌ನ ಹರಿವು) 4 ಲೀಟರ್ ಇದ್ದಿದ್ದು 7-8ಕ್ಕೆ ಹೋದ್ರೂ ಇಳೀತಿಲ್ಲ ಅಂದ್ರೆ ನೂಲಿನ ಒಳಗೆ ನೀರು ಕೂತಿರಬಹುದು. ಬೆಚ್ಚಗಿನ ರಕ್ತದ ಪಕ್ಕ ತಣ್ಣನೆ ಗ್ಯಾಸ್ ಹೋದ್ರೆ ನೀರು ಆಗೇ ಆಗತ್ತೆ. ನಿಮ್ಮ ಯೂನಿಟ್ ಪ್ರೋಟೋಕಾಲ್ ಪ್ರಕಾರ ಸ್ವೀಪ್‌ನ ಕೆಲವು ಸೆಕೆಂಡ್ 10 ಲೀಟರ್‌ಗೆ ಏರಿಸಿ ಆ ನೀರನ್ನ ಊದಿ ಹೊರಗೆ ಹಾಕ್ತಾರೆ, ನಾವು ಇದಕ್ಕೆ ಸೈ (ಇಂಗ್ಲಿಷಿನ sigh, ನಿಟ್ಟುಸಿರು) ಕೊಡೋದು ಅಂತೀವಿ. ಆಮೇಲೆ ವಾಪಸ್ ಮೊದಲಿನ ನಂಬರ್‌ಗೆ ತರೋದನ್ನ ಮರೆತ್ರೆ ಸಿಓಟೂ ಪಾತಾಳಕ್ಕೆ ಹೋಗತ್ತೆ, ಮೆದುಳಿಗೆ ರಕ್ತ ಕಮ್ಮಿ ಆಗತ್ತೆ. ಗ್ಯಾಸ್ ಹೊರಗೆ ಹೋಗೋ ಬಾಯಿಗೆ ಬಟ್ಟೆ, ಟೇಪ್, ಪ್ಲಾಸ್ಟಿಕ್ ಏನೂ ತಾಗಬಾರದು. ಅದು ಮುಚ್ಚಿಹೋಗಿ ಗ್ಯಾಸ್ ಪ್ರೆಶರ್ ರಕ್ತದ ಪ್ರೆಶರ್‌ಗಿಂತ ಏರಿದ್ರೆ ಗಾಳಿ ರಕ್ತಕ್ಕೆ ನುಗ್ಗತ್ತೆ. ಆ ಬಾಯಿಂದ ನೀರಿನ ಹನಿ ಬಂದ್ರೆ ಸಹಜ. ಹಳದಿ ನೊರೆ ಬಂದ್ರೆ ಪ್ಲಾಸ್ಮಾ ಸೋರ್ತಿದೆ ಅಂತ ಅರ್ಥ. ಹಳೇ ಕಾಲದ ಪಾಲಿಪ್ರೊಪಿಲೀನ್ ಆಕ್ಸಿಜನೇಟರ್‌ಗಳಲ್ಲಿ ಇದು ದಿನನಿತ್ಯದ ಕಾಟ ಆಗಿತ್ತು, ಈಗಿನದ್ರಲ್ಲಿ ಅಪರೂಪ. ರಕ್ತವೇ ಬಂದ್ರೆ ನೂಲು ಹರಿದಿದೆ, ಚರ್ಚೆ ಮುಗೀತು, ಬದಲಾಯಿಸಲೇಬೇಕು.

(ಒಂದು ಪಕ್ಕದ ಮಾತು. 1971ರಲ್ಲಿ ಡೊನಾಲ್ಡ್ ಹಿಲ್ ಅನ್ನೋ ಸರ್ಜನ್, ಆಕ್ಸಿಡೆಂಟ್ ಆಗಿ ಶ್ವಾಸಕೋಶ ಕೈಕೊಟ್ಟ ಯುವಕನನ್ನ ಮೆಂಬ್ರೇನ್ ಲಂಗ್ ಮೇಲೆ ಇಟ್ಟು ಉಳಿಸಿದ್ರು, ದೊಡ್ಡವರಲ್ಲಿ ಅದೇ ಮೊದಲ ಯಶಸ್ಸು, ಒಟ್ಟು 75 ಗಂಟೆ. ಆಗ ಅದು ಪವಾಡ, ಈಗ 75 ಗಂಟೆಗೆ ಆಕ್ಸಿಜನೇಟರ್ ಕಟ್ಟಿಕೊಂಡ್ರೆ ನಾವು ಏನು ತಪ್ಪಾಯ್ತು ಅಂತ ಹುಡುಕ್ತೀವಿ.)

ಇನ್ನು ನಿಮ್ಮ ಪೇಷೆಂಟ್‌ನ ರಕ್ತದ ರಿಪೋರ್ಟ್. ಡಿ-ಡೈಮರ್ ಮೇಲೆ, ಫೈಬ್ರಿನೋಜನ್ ಪ್ಲೇಟ್‌ಲೆಟ್ ಕೆಳಗೆ, ಬ್ಲೀಡಿಂಗ್, ಜೊತೆಗೆ ಆಕ್ಸಿಜನೇಟರ್ ಅಡ್ಡಿ ಏರಿಕೆ. ಇವೆಲ್ಲಾ ಒಂದೇ ಮೂರು ದಿನದಲ್ಲಿ ಆಗಿದ್ರೆ ನಾನು ಮೊದಲು ಬೆರಳು ತೋರಿಸೋದು ಆಕ್ಸಿಜನೇಟರ್ ಕಡೆಗೇ. ಆದ್ರೆ ಇದೇ ರಿಪೋರ್ಟ್ ಸೆಪ್ಸಿಸ್‌ನಲ್ಲೂ ಬರತ್ತೆ, ಪೇಷೆಂಟ್ ಕಾಲಲ್ಲೋ ಶ್ವಾಸಕೋಶದಲ್ಲೋ ದೊಡ್ಡ ಕ್ಲಾಟ್ ಇದ್ರೂ ಡಿ-ಡೈಮರ್ ಏರತ್ತೆ. ಹೊಸದಾಗಿ ಜ್ವರ ಬಂದಿದೆಯಾ, ಬಿಪಿ ಔಷಧಿ ಏರಿಸ್ಬೇಕಾಗಿ ಬಂದಿದೆಯಾ, ಕಲ್ಚರ್ ಕಳಿಸಿದ್ದಾರಾ ಕೇಳಿ. ಎಲ್ಲದಕ್ಕಿಂತ ಮುಖ್ಯ, ನಿಮ್ಮ ಪೇಷೆಂಟ್ ಹೆಪಾರಿನ್ ಮೇಲೆ 11 ದಿನದಿಂದ ಇದ್ದಾರೆ ಅಂದ್ಕೊಂಡು ಹೇಳ್ತೀನಿ, ಪ್ಲೇಟ್‌ಲೆಟ್ ಹತ್ರಹತ್ರ ಅರ್ಧದಷ್ಟು ಬಿದ್ದಿದೆ. ಹೆಪಾರಿನ್‌ನಿಂದಲೇ ಪ್ಲೇಟ್‌ಲೆಟ್ ಇಳಿಯೋ ಕಾಯಿಲೆ ಇದೆಯಲ್ಲ, ಎಚ್‌ಐಟಿ, ಅದು ಸಾಮಾನ್ಯವಾಗಿ ಶುರುವಾಗೋದು 5ರಿಂದ 10ನೇ ದಿನದ ಒಳಗೆ. ಟೀಮ್‌ನಲ್ಲಿ ಯಾರಾದ್ರೂ ಅದರ ಟೆಸ್ಟ್ ಕಳಿಸಿದ್ದಾರಾ? ನಾನು ಮೇಲೆ ಹೇಳಿದ ಷರತ್ತಲ್ಲಿ ಇದೇ ದೊಡ್ಡದು. ಎಚ್‌ಐಟಿ ಇದ್ದು ಅದು ಗೊತ್ತಿಲ್ಲದೆ ಹೊಸ ಆಕ್ಸಿಜನೇಟರ್ ಹಾಕಿ ಅದೇ ಹೆಪಾರಿನ್ ಮುಂದುವರಿಸಿದ್ರೆ ಹೊಸದೂ ಬೇಗ ಕಟ್ಟಿಕೊಳ್ಳತ್ತೆ. ಕೆಲವು ಸರ್ಕ್ಯೂಟ್‌ಗಳ ಒಳಮೈ ಕೋಟಿಂಗ್‌ನಲ್ಲೇ ಹೆಪಾರಿನ್ ಇರತ್ತೆ, ಅನುಮಾನ ಇದ್ರೆ ಹೆಪಾರಿನ್ ಇಲ್ಲದ ಕೋಟಿಂಗ್ ಇರೋದನ್ನ ಆರಿಸಿ, ಔಷಧಿನ ಬೈವಾಲಿರುಡಿನ್ ಅಥವಾ ಅರ್ಗಟ್ರೋಬಾನ್‌ಗೆ ಬದಲಾಯಿಸೋ ಬಗ್ಗೆ ಡಾಕ್ಟರ್‌ಗಳು ಯೋಚಿಸ್ತಾರೆ.

ಇಲ್ಲಿ ಇನ್ನೊಂದು ತಪ್ಪು ಕಲ್ಪನೆ ಇದೆ, ಹೆಪಾರಿನ್ ಜಾಸ್ತಿ ಮಾಡಿದ್ರೆ ಒಳಗಿನ ಕ್ಲಾಟ್ ಕರಗತ್ತೆ ಅಂತ. ಕರಗಲ್ಲ. ಇನ್ನಷ್ಟು ಬೆಳೆಯೋದು ನಿಧಾನ ಆಗಬಹುದು, ಅಷ್ಟೇ. ಫೈಬ್ರಿನೋಜನ್ 190, ಪ್ಲೇಟ್‌ಲೆಟ್ 78 ಸಾವಿರ, ಕ್ಯಾನುಲಾ ಸುತ್ತ ಜಿನುಗ್ತಿರೋ ಪೇಷೆಂಟ್‌ಗೆ ಹೆಪಾರಿನ್ ಏರಿಸೋದು ಬೆಂಕಿಗೆ ತುಪ್ಪ ಸುರಿದಂಗೆ. ಪ್ಲೇಟ್‌ಲೆಟ್ ಏರಿಸೋದ್ರ ಟೈಮಿಂಗ್ ಕೂಡ ಕೇಳಿ. ಜೀವಕ್ಕೆ ಅಪಾಯ ಅನ್ನೋಷ್ಟು ಬ್ಲೀಡಿಂಗ್ ಇದ್ರೆ ತಡ ಮಾಡೋ ಮಾತಿಲ್ಲ, ಇಲ್ಲದಿದ್ರೆ ಬದಲಾಯಿಸಿದ ಮೇಲೆ ಕೊಡೋದು ಒಳ್ಳೇದು, ಮೊದಲೇ ಕೊಟ್ರೆ ಹಳೇ ಆಕ್ಸಿಜನೇಟರ್ ಅದನ್ನೂ ನುಂಗಿ ಹಾಕತ್ತೆ.

ಸರಿ, ಮುಂದೇನು ಮಾಡಬಹುದು? ಎಲ್ರೂ ಮರೆಯೋ ದಾರಿನ ಮೊದಲು ಹೇಳ್ತೀನಿ, ಪೇಷೆಂಟ್‌ಗೆ ಎಕ್ಮೋ ಇನ್ನೂ ಬೇಕಾ ಅಂತ ಕೇಳೋದು. ಎಕ್ಸ್‌ರೇ ಚೆನ್ನಾಗಾಗ್ತಿದ್ದು, ವೆಂಟಿಲೇಟರ್‌ನಲ್ಲಿ ಟೈಡಲ್ ವಾಲ್ಯೂಮ್ (ಒಂದೊಂದು ಉಸಿರಿಗೆ ಹೋಗೋ ಗಾಳಿ) ಏರ್ತಿದ್ರೆ, ವಿವಿಯಲ್ಲಿ ಫ್ಲೋ ಹಾಗೇ ಬಿಟ್ಟು ಸ್ವೀಪ್ ಗ್ಯಾಸ್ ನಿಲ್ಲಿಸಿ ಕೆಲವು ಗಂಟೆ ನೋಡಬಹುದು. ಪಾಸ್ ಆದ್ರೆ ಬದಲಾಯಿಸೋ ಪ್ರಶ್ನೆನೇ ಇಲ್ಲ, ತೆಗೆದುಬಿಡಬಹುದು. ಫೇಲ್ ಆದ್ರೂ ನಷ್ಟ ಇಲ್ಲ, ಬದಲಾಯಿಸೋವಾಗ ಪಂಪ್ ನಿಂತ್ರೆ ಈ ಪೇಷೆಂಟ್ ಎಷ್ಟು ಹೊತ್ತು ತಡ್ಕೊಳ್ತಾರೆ ಅಂತ ಅಂದಾಜು ಸಿಗತ್ತೆ.

ಕಾಯೋದೂ ಒಂದು ಆಯ್ಕೆನೇ, ನಿಮ್ಮ ಡಾಕ್ಟರ್ ಹೇಳಿದ್ದನ್ನ ಪೂರ್ತಿ ತಳ್ಳಿಹಾಕಲ್ಲ. ಬ್ಲೀಡಿಂಗ್ ಇಲ್ಲದೆ, ಬರೀ ಡೆಲ್ಟಾ ಪಿ ನಿಧಾನಕ್ಕೆ ಏರಿ, ಒಂದಷ್ಟು ಚುಕ್ಕೆ ಇದ್ದಿದ್ರೆ ನಾನೂ ಕಾಯೋಣ ಅಂತಿದ್ದೆ. ಆದ್ರೆ ಕಾಯೋದು ಅಂದ್ರೆ ಗಂಟೆಗೊಮ್ಮೆ ಪ್ರೆಶರ್, ಆರು ಗಂಟೆಗೊಮ್ಮೆ ಫೈಬ್ರಿನೋಜನ್ ಪ್ಲೇಟ್‌ಲೆಟ್, ಬದಲಿ ಸರ್ಕ್ಯೂಟ್ ರೆಡಿ, ಮತ್ತೆ ಯಾವ ನಂಬರ್ ದಾಟಿದ್ರೆ ಯಾರನ್ನ ಕರೀಬೇಕು ಅಂತ ಬರೆದಿಟ್ಟಿರೋದು. ಬರೀ "ನಾಳೆ ನೋಡೋಣ" ಅಂದ್ರೆ ಅದು ಕಾಯೋದಲ್ಲ, ರಾತ್ರಿ ಮೂರು ಗಂಟೆಗೆ ಇಬ್ಬರೇ ಇರೋ ಹೊತ್ತಲ್ಲಿ ಪಂಪ್ ನಿಲ್ಲೋ ಹಾಗೆ ಮಾಡ್ಕೊಳ್ಳೋದು. ಇದೇ ಕಾರಣಕ್ಕೆ ನಾನು ಹಗಲು ಹೊತ್ತು, ಜನ ಇರೋವಾಗ, ಪ್ಲಾನ್ ಮಾಡಿ ಬದಲಾಯಿಸೋದನ್ನೇ ಇಷ್ಟಪಡೋದು.

ಆಕ್ಸಿಜನೇಟರ್ ಒಂದನ್ನೇ ಬದಲಾಯಿಸೋದಾ, ಪೂರ್ತಿ ಸರ್ಕ್ಯೂಟಾ? ಪಂಪ್ ಮತ್ತೆ ಆಕ್ಸಿಜನೇಟರ್ ಒಂದೇ ಯೂನಿಟ್ ಆಗಿರೋ ಮೆಷಿನ್ ಆದ್ರೆ ಆಯ್ಕೆನೇ ಇಲ್ಲ, ಎರಡೂ ಒಟ್ಟಿಗೆ ಹೋಗತ್ತೆ. ಬೇರೆ ಬೇರೆ ಇದ್ರೆ, ತೊಂದರೆ ಬರೀ ಗ್ಯಾಸ್‌ದೋ ಪ್ರೆಶರ್‌ದೋ ಆದಾಗ ಆಕ್ಸಿಜನೇಟರ್ ಮಾತ್ರ ಸಾಕು. ನಿಮ್ಮ ಥರ ರಕ್ತ ತಿನ್ನೋ ಕೇಸ್ ಆದ್ರೆ ನಾನು ಪಂಪ್ ಹೆಡ್ ಸಮೇತ ಪೂರ್ತಿ ಬದಲಾಯಿಸೋಣ ಅಂತೀನಿ, ಯಾಕಂದ್ರೆ ಕನೆಕ್ಟರ್‌ನಲ್ಲಿ ಪಂಪ್‌ನಲ್ಲಿ ಏನೇನು ಕೂತಿದೆ ಅಂತ ಹೊರಗಿಂದ ಪೂರ್ತಿ ಕಾಣಲ್ಲ. ಇದಕ್ಕೆ ಬೆಲೆ ಇದೆ, ಪ್ರೈಮ್ ವಾಲ್ಯೂಮ್ ಜಾಸ್ತಿ. ಅರ್ಧ ಲೀಟರ್‌ಗೂ ಮೇಲೆ ಸಲೈನ್ ಥರದ ದ್ರವ ಒಮ್ಮೆಲೇ ಸೇರಿದ್ರೆ ಹೀಮೋಗ್ಲೋಬಿನ್ ಇಳಿಯತ್ತೆ, ಬಿಪಿ ಬೀಳಬಹುದು. ಎಳೇ ಮಗುವಿನಲ್ಲಿ ಇದು ಇನ್ನೂ ದೊಡ್ಡ ವಿಷಯ, 3 ಕೇಜಿ ಮಗುವಿನ ಮೈಯಲ್ಲಿರೋ ರಕ್ತವೇ ಸುಮಾರು 250 ಎಂಎಲ್, ಸರ್ಕ್ಯೂಟ್ ಅಷ್ಟೇ ಹಿಡಿಯತ್ತೆ ಅಂದ್ರೆ ರಕ್ತದಲ್ಲೇ ಪ್ರೈಮ್ ಮಾಡ್ಬೇಕು, ಆ ಶೇಖರಿಸಿಟ್ಟ ರಕ್ತದ ಪೊಟ್ಯಾಸಿಯಂ, ಕ್ಯಾಲ್ಸಿಯಂ ಎಲ್ಲಾ ನೋಡ್ಕೊಬೇಕು.

ನಿಮ್ಮ ಭಯ ಇರೋ ಆ ಒಂದೆರಡು ನಿಮಿಷಕ್ಕೆ ಬರೋಣ. ಭಯ ಸುಳ್ಳಲ್ಲ, ಪೂರ್ತಿ ಎಕ್ಮೋ ಮೇಲೇ ನಿಂತಿರೋ ಪೇಷೆಂಟ್‌ಗೆ ಅಷ್ಟು ಹೊತ್ತಲ್ಲೇ ಸ್ಯಾಚುರೇಷನ್ ಬಿದ್ದು ಹಾರ್ಟ್ ನಿಲ್ಲಬಹುದು. ಗಾಳಿ ಹೋಗಬಹುದು, ರಕ್ತ ಚೆಲ್ಲಬಹುದು, ಇನ್‌ಫೆಕ್ಷನ್ ಆಗಬಹುದು. ಆದ್ರೆ ಅಭ್ಯಾಸ ಇರೋ ಟೀಮ್‌ನಲ್ಲಿ ಕ್ಲ್ಯಾಂಪ್ ಹಾಕಿ ತೆಗೆಯೋವರೆಗೆ ಒಂದು ನಿಮಿಷದ ಆಸುಪಾಸು. ಕೆಲಸದ ಮುಕ್ಕಾಲು ಭಾಗ ಕ್ಲ್ಯಾಂಪ್ ಹಾಕೋಕೆ ಮುಂಚೆನೇ ಮುಗಿದಿರತ್ತೆ. ಹೊಸ ಸರ್ಕ್ಯೂಟ್ ಪ್ರೈಮ್ ಆಗಿ ಒಂದು ಗುಳ್ಳೆ ಇಲ್ಲದೆ ಸುತ್ತುತಿರತ್ತೆ. ವೆಂಟಿಲೇಟರ್ ಐದು ನಿಮಿಷ ಮುಂಚೆನೇ 100 ಪರ್ಸೆಂಟ್‌ಗೆ ಹೋಗಿ ಸೆಟ್ಟಿಂಗ್ ಏರಿರತ್ತೆ, ಸೆಡೇಷನ್ ಜಾಸ್ತಿ, ರಕ್ತ, ಬಿಪಿ ಔಷಧಿ, ಅಡ್ರಿನಲಿನ್ ಕೈಗೆ ಸಿಗೋ ಹಾಗೆ. ಯಾರು ಕ್ಲ್ಯಾಂಪ್, ಯಾರು ಕತ್ತರಿ, ಯಾರು ಸಲೈನ್ ಸಿರಿಂಜ್, ಯಾರು ಪಂಪ್, ಯಾರು ವೆಂಟಿಲೇಟರ್, ಯಾರು ಗಟ್ಟಿಯಾಗಿ ಸೆಕೆಂಡ್ ಎಣಿಸೋದು, ಎಲ್ಲಾ ಹೆಸರು ಹಿಡಿದು ಒಮ್ಮೆ ಒಣ ರಿಹರ್ಸಲ್ ಮಾಡಿ. ಯಾವ ಪೈಪ್ ಎಲ್ಲಿ ಕತ್ತರಿಸೋದು ಅಂತ ಟೇಪ್ ಹಚ್ಚಿ ಬಾಣ ಬರೆದಿರಿ, ಉಲ್ಟಾ ಜೋಡಿಸಿರೋ ಘಟನೆಗಳು ಇಲ್ಲದೇ ಇಲ್ಲ. ಪೇಷೆಂಟ್ ಕಡೆ ಪೈಪ್ ಸಾಕಷ್ಟು ಉದ್ದ ಉಳಿಯೋ ಹಾಗೆ ಕತ್ತರಿಸಿ, ಇನ್ನೊಮ್ಮೆ ಬದಲಾಯಿಸೋ ಪರಿಸ್ಥಿತಿ ಬಂದ್ರೆ ಆಗ ಒಂದೊಂದು ಇಂಚೂ ಬೇಕಾಗತ್ತೆ.

ಆಮೇಲೆ ಪಂಪ್ ಸ್ಪೀಡ್ ಇಳಿಸಿ, ಸಾಮಾನ್ಯವಾಗಿ ರಿಟರ್ನ್ ಲೈನ್ ಮೊದಲು ಆಮೇಲೆ ಡ್ರೈನೇಜ್ ಅಂತ ಎರಡೆರಡು ಕ್ಲ್ಯಾಂಪ್, ನಡುವೆ ಕತ್ತರಿ, ಎರಡೂ ಬಾಯಿಗೆ ಸಲೈನ್ ಸುರೀತಾ ತುಂಬಿ ತುಳುಕೋವಾಗಲೇ ಒಂದಕ್ಕೊಂದು ಕೂಡಿಸೋದು, ಗುಳ್ಳೆ ಇದೆಯಾ ಅಂತ ಇಬ್ಬರು ನೋಡಿ ಇಬ್ಬರೂ ಬಾಯಿಬಿಟ್ಟು "ಇಲ್ಲ" ಅನ್ನೋದು, ಆಮೇಲೆ ಕ್ಲ್ಯಾಂಪ್ ಬಿಚ್ಚೋದು. ನಿಮ್ಮ ಯೂನಿಟ್ ಪ್ರೋಟೋಕಾಲ್ ಕ್ರಮ ಬೇರೆ ಹೇಳಿದ್ರೆ ಅದೇ ಫೈನಲ್. ನರ್ಸ್ ಆಗಿ ನೀವು ಒಂದು ಕೆಲಸ ಕೇಳಿ ತಗೊಳ್ಳಿ, ಸ್ವೀಪ್ ಗ್ಯಾಸ್ ಪೈಪ್. ಎಲ್ರ ಕಣ್ಣೂ ರಕ್ತದ ಪೈಪ್ ಮೇಲಿರೋವಾಗ ಗ್ಯಾಸ್ ಪೈಪ್ ಹಳೇ ಆಕ್ಸಿಜನೇಟರ್‌ನಲ್ಲೇ ಉಳಿದುಹೋಗತ್ತೆ, ಫ್ಲೋ ಬಂತು ಅಂತ ಎಲ್ರೂ ಉಸಿರು ಬಿಡೋ ಹೊತ್ತಿಗೆ ರಕ್ತ ಕಪ್ಪಗೇ ಹೋಗ್ತಿರತ್ತೆ. ಹೊಸದಕ್ಕೆ ಹಾಕಿ, ಮೀಟರ್ ನೋಡಿ, ಹೊರಗೆ ಹೋಗೋ ಪೈಪ್ ಕೆಂಪಾಯ್ತಾ ನೋಡಿ ಗಟ್ಟಿಯಾಗಿ ಹೇಳಿ. ಹೀಟರ್ ಪೈಪ್‌ಗಳೂ ಅಷ್ಟೇ.

ಹಳೇ ಸರ್ಕ್ಯೂಟ್‌ನಲ್ಲಿ ಉಳಿದ ರಕ್ತ ವಾಪಸ್ ಕೊಡೋಣ್ವಾ ಅಂತ ಮನೆಯವರು ಕೇಳ್ತಾರೆ, ಕ್ಲಾಟ್ ಇದೆ ಅಂತಲೇ ತೆಗೆದಿರೋದ್ರಿಂದ ಕೊಡಲ್ಲ. ಮನೆಯವರಿಗೆ "ಮೆಷಿನ್ ಕೆಟ್ಟೋಯ್ತು" ಅನ್ನೋ ಮಾತು ಬೇಡ, ಫಿಲ್ಟರ್ ಥರ ಬದಲಾಯಿಸೋ ಭಾಗ ಇದು, ಬದಲಾಯಿಸೋವಾಗ ರಿಸ್ಕ್ ಇದೆ, ಬದಲಾಯಿಸದಿದ್ರೆ ಇನ್ನೂ ಜಾಸ್ತಿ ಇದೆ ಅಂತ ಮುಂಚೆನೇ ಕೂರಿಸಿ ಹೇಳಿದ್ರೆ ಅರ್ಥ ಮಾಡ್ಕೊಳ್ತಾರೆ.

ಬದಲಾಯಿಸಿದ ಅರ್ಧ ಗಂಟೆಯೊಳಗೆ ಪೋಸ್ಟ್ ಮೆಂಬ್ರೇನ್ ಗ್ಯಾಸ್, ಹೀಮೋಗ್ಲೋಬಿನ್, ಕ್ಯಾಲ್ಸಿಯಂ ನೋಡಿ, ಅದೇ 4.2 ಫ್ಲೋನಲ್ಲಿ ಹೊಸ ಡೆಲ್ಟಾ ಪಿ ಎಷ್ಟು ಅಂತ ಬರ್ಕೊಳ್ಳಿ, ಇನ್ಮುಂದೆ ಹೋಲಿಸೋದು ಆ ನಂಬರ್‌ಗೇ. ಅಪರಾಧಿ ಆಕ್ಸಿಜನೇಟರ್ ಆಗಿದ್ರೆ ಒಂದೆರಡು ದಿನದಲ್ಲಿ ಡಿ-ಡೈಮರ್ ಇಳಿಯೋಕೆ, ಫೈಬ್ರಿನೋಜನ್ ತಾನಾಗೇ ಏರೋಕೆ ಶುರು ಆಗತ್ತೆ, ಕ್ಯಾನುಲಾ ಸುತ್ತಲಿನ ಡ್ರೆಸಿಂಗ್ ಪದೇ ಪದೇ ಬದಲಾಯಿಸೋದೂ ಕಮ್ಮಿ ಆಗತ್ತೆ. 48 ಗಂಟೆ ಆದ್ರೂ ಡಿ-ಡೈಮರ್ ಏರ್ತಾನೇ ಇದ್ರೆ, ಹೊಸದನ್ನೂ ಬೈಯೋಕೆ ಮುಂಚೆ ಎಚ್‌ಐಟಿ ರಿಪೋರ್ಟ್ ಬಂತಾ ಕೇಳಿ, ಕಲ್ಚರ್ ಏನಾಯ್ತು ಕೇಳಿ, ಕ್ಯಾನುಲಾ ಇರೋ ರಕ್ತನಾಳಗಳನ್ನ ಒಮ್ಮೆ ಅಲ್ಟ್ರಾಸೌಂಡ್ ಮಾಡಿಸಿ.